ಮಾಳಿಗೆಯ ಮೇಲಿಂದ ಔರಾದಿಗೆ

ನಮ್ಮ ಪಕ್ಕದ ಮನೆಯ ಚಾಚಾ ಬೀದರಿನಿಂದ ಔರಾದಿಗೆ ನಡೆದು ಹೋದರು, ಅದೂ ತಮ್ಮ ಮಾಳಿಗೆಯಿಂದ ಒಂದು ಮೆಟ್ಟಿಲೂ ಕೆಳಗಿಳಿಯದೆ! ನೀವು ನಂಬುವುದಿಲ್ಲ, ಬಲ್ಲೆ. ನನ್ನಂಥ ಪಾತ್ರೆ ಅಂಗಡಿಯವನು ಹೇಳಿದ್ದನ್ನು ಅರ್ಧಕ್ಕಿಳಿಸಿಯೇ ಕೇಳಬೇಕೆಂಬುದು ಲೋಕರೂಢಿ. ಆದರೆ ಇದರಲ್ಲಿ ಒಂದು ಹೆಜ್ಜೆಯೂ ಕಡಿಮೆಯಾಗುವುದಿಲ್ಲ. ಎಣಿಸಿದವನು ನಾನೇ.

ಓಣಿಯವರಿಗೆಲ್ಲ ಅವರು ಅರಬ್ ಚಾಚಾ. ಅವರ ಅಜ್ಜನ ಅಜ್ಜ ನಿಜಾಮರ ಫೌಜಿಗೆಂದು ಅರಬ್ ನಾಡಿನಿಂದ ಬಂದವನಂತೆ. "ಒಂಟಿ ಮ್ಯಾಲ ಕೂತಿಲ್ಲ ಅಂವ, ಬಾಜೂಕ ನಡಕೊಂತ ಬಂದಾನ," ಎಂದು ಚಾಚಾ ಎದೆ ಉಬ್ಬಿಸುವರು.

"ನಡುವ ಸಮುದ್ರ ಅದಲ್ರಿ ಚಾಚಾ?"

"ಜಹಾಜಿನ್ಯಾಗೂ ಕೂತಿಲ್ಲ! ಈ ತುದಿಯಿಂದ ಆ ತುದಿಗಿ ನಡಕೊಂತನೇ ಇದ್ದ!"

ಇಂಥ ರಕ್ತಕ್ಕೆ ಆಟೊ, ಬಸ್ಸು ಒಗ್ಗೀತೇ? ಬೆಳಗಿನ ನಮಾಜು ಮುಗಿಸಿ ಅಷ್ಟೂರಿನ ಗುಮ್ಮಟಗಳವರೆಗೆ ಹೋಗಿ ಬಂದರೇನೇ ಅವರ ಗಂಟಲಲ್ಲಿ ಚಹಾ ಇಳಿಯುವುದು. ಒಮ್ಮೆ ಭಾಲ್ಕಿಯಲ್ಲಿ ಅವರ ನೆಂಟರ ಮದುವೆ. ನಾವೆಲ್ಲ ಊಟದ ಹೊತ್ತಿಗೆ ಮುಟ್ಟುವಂತೆ ಜೀಪಿನಲ್ಲಿ ಹೊರಟೆವು. ಚಾಚಾ ನಸುಕಿನಲ್ಲೇ ನಡೆದು ಹೊರಟಿದ್ದರು. ಅರ್ಧ ದಾರಿಯಲ್ಲಿ ಅವರನ್ನು ದಾಟಿದೆವು, ಕೈಬೀಸಿ ನಕ್ಕೆವು. ಮುಂದೆ ನಮ್ಮ ಗಾಲಿ ಪಂಚರ್! ನಾವು ಜಾಕ್ ಹುಡುಕುತ್ತಿರುವಾಗ ಚಾಚಾ ನಿಲ್ಲದೆಯೇ ದಾಟಿ ಹೋದರು. ನನ್ನನ್ನು ಕಂಡು ಬಾಯಿ ಮಾತ್ರ ಸುಮ್ಮನಿರಲಿಲ್ಲ: "ಏ ಸಾವಕಾರ, ಟಾಯರ್ ಪಂಚರ್ ಆಗ್ತದ, ಕಾಲು ಆಗಂಗಿಲ್ಲ!"

ಆದರೆ ವರ್ಷದಲ್ಲಿ ನಿಜವಾದ ನಡಿಗೆ ಒಂದೇ. ರಂಜಾನ್ ಹಬ್ಬಕ್ಕೆ ಔರಾದಿನ ಅಕ್ಕನ ಮನೆಗೆ. ಸಂತಪುರದಲ್ಲಿ ಒಂದು ರಾತ್ರಿ ವಸ್ತಿ, ಮರುದಿನ ಔರಾದು. ತಾಯಿ ಇಲ್ಲದ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ ಅಕ್ಕ. ಆಪಾ ಎಂದರೆ ಚಾಚಾನಿಗೆ ಪ್ರಾಣ. ಒಂದು ಸಲ ನಾನೂ ಬಸ್ಸಿನಲ್ಲಿ ಹೋಗಿ ಕಂಡಿದ್ದೇನೆ: ಆ ಮುದುಕಿ ಬೋಗುಣಿಯಲ್ಲಿ ಬಿಸಿ ಉಪ್ಪುನೀರು ಹಿಡಿದು, ಈ ಮುದುಕನ ಕಾಲು ತೊಳೆಯುತ್ತ, "ಪಾಗಲ್, ಬಸ್ಸೆಲ್ಲಾ ಸತ್ತಾವೇನು?" ಎಂದು ಬೈಯುತ್ತಿದ್ದಳು. ಚಾಚಾ ಕಣ್ಣು ಮುಚ್ಚಿ, ಬೈಗುಳವನ್ನು ಖೀರಿನಂತೆ ಕುಡಿಯುತ್ತಿದ್ದರು.

ಆಮೇಲೆ ಬಂತಲ್ಲ, ಲಾಕ್‌ಡೌನ್! ಮೊದಲ ವಾರವೇ ಅಷ್ಟೂರಿನ ದಾರಿಯಲ್ಲಿ ಪೊಲೀಸ್ ಪೇದೆಯೊಬ್ಬ ಹಿಡಿದು, ಬಸ್ಕಿ ಹೊಡೆಯಿರಿ ಎಂದನಂತೆ. ಚಾಚಾ ಐವತ್ತು ಹೊಡೆದು, "ಇನ್ನೂ ಹೊಡೀಲೇನು ಸಾಹೇಬ್?" ಎಂದರಂತೆ. ಪೇದೆಯೇ ಕೈಮುಗಿದು ಮನೆಗೆ ಕಳಿಸಿದ.

ಅಂದು ಮಂಚದ ಮೇಲೆ ಕೂತವರು ಏಳಲೇ ಇಲ್ಲ. ಹದಿನೈದು ದಿನಕ್ಕೆ ಪಾದ ಬಾತವು, ಸಕ್ಕರೆ ಏರಿತು, ನಮಾಜಿಗೆ ಕುರ್ಚಿ ಬಂತು. ನಿಂತ ಗಡಿಯಾರವನ್ನು ನೋಡಿದರೆ ಕೀಲಿ ಕೊಡದೆ ಇರುವ ಮನುಷ್ಯ ನಾನಲ್ಲ. ನನ್ನ ಮಾಳಿಗೆಯ ಗೋಡೆಯ ಮೇಲಿಂದ ಬಗ್ಗಿಯೇ ಸಲಹೆ ಕೊಟ್ಟೆ: "ಚಾಚಾ, ನಿಮ್ಮ ಅಜ್ಜನ ಅಜ್ಜ ಜಹಾಜಿನ್ಯಾಗ ನಡದಾನಂದ್ರ ನೀವು ಮಾಳಿಗಿ ಮ್ಯಾಲ ಔರಾದಿಗಿ ಯಾಕ ಹೋಗಬಾರ್ದು?"

ಟೇಪು ಹಿಡಿದು ಅವರ ಮಾಳಿಗೆ ಅಳೆದೆ. ಹದಿನೆಂಟು ಸುತ್ತು ಹಾಕಿದರೆ ಒಂದು ಕಿಲೋಮೀಟರ್ ಎಂದೆ. ಚಾಚಾ ಹನ್ನೆರಡು ಎಂದರು. ಎಳೆದಾಡಿ ಹದಿನೈದಕ್ಕೆ ಮುಗಿಸಿದೆವು. ಚೌಕಾಸಿ ಮಾಡಿ ಹಾಕಿದ ರಸ್ತೆ ಈ ಭೂಮಿಯ ಮೇಲೆ ಅದೊಂದೇ ಇರಬೇಕು! ಸುತ್ತಿಗೊಂದು ಹುಣಸೆಬೀಜ ನನ್ನ ತಾಮ್ರದ ಚೊಂಬಿಗೆ ಬೀಳುತ್ತಿತ್ತು. ದಿನಾ ಸಂಜೆ, ರೋಜಾದ ಉಪವಾಸ ಬಿಡುವ ಮುಂಚೆ, ಚಾಚಾ ಔರಾದಿಗೆ ಫೋನು ಹಚ್ಚುವರು.

"ಆಪಾ, ಜನವಾಡಾ ದಾಟಿದೆ."

ಆ ಕಡೆಯ ಮುದುಕಿಯಾದರೂ ನಗಬೇಕೋ ಬೇಡವೋ? "ಕೌಠಾದ ಬ್ರಿಜ್ ಮ್ಯಾಲ ಗಾಳಿ ಭಾಳ, ಕಿವಿಗಿ ರುಮಾಲ ಕಟ್ಕೋ," ಎನ್ನುವಳು. ಮರುದಿನ ಚಾಚಾ ಆ ಸುಡುಬಿಸಿಲಿನಲ್ಲಿ ರುಮಾಲು ಕಟ್ಟಿಕೊಂಡೇ ಮಾಳಿಗೆ ಸುತ್ತಿದರು!

ಪಾದದ ಬಾವು ಇಳಿಯಿತು. ಸಂತಪುರ ಮುಟ್ಟಿದಾಗ ಹಬ್ಬಕ್ಕೆ ಇನ್ನೂ ಆರು ದಿನವಿತ್ತು. ಬಾಯಿ ಮುಚ್ಚಿಕೊಂಡಿರಬೇಕಿತ್ತು ನಾನು. "ಈಗೇ ಮುಟ್ಟಿ ಹಬ್ಬದ ದಿನ ಏನ್ ಮಾಡ್ತೀರಿ? ಸಂತಪುರದಾಗ ನಾಕು ದಿನ ನಿಲ್ರಿ. ಹಬ್ಬದ ದಿನ ಸರಿಯಾಗಿ ಬಾಗಿಲಕ್ಕ ಹೋಗಿ ನಿಂತ್ರ ಅದ್ರ ರುಚಿನೇ ಬ್ಯಾರೆ," ಎಂದೆ. ಚಾಚಾ ಒಪ್ಪಿದರು.

ಅಂದು ಸಂಜೆ ಆಪಾ ಕೇಳಿದಳು, "ನೀರು ಕಾಸಿ ಇಡ್ಲೇನೋ?"

"ಇನ್ನೂ ಬ್ಯಾಡ ಆಪಾ. ಸಾವಕಾರ ನಿಲ್ಲಂದಾನ."

ಮೂರನೆಯ ದಿನ ಮುಂಜಾನೆ ಔರಾದಿನಿಂದ ಸುದ್ದಿ ಬಂತು. ಆಪಾ ನಿದ್ದೆಯಲ್ಲೇ ಹೋಗಿದ್ದಳು. ಊರು ದಾಟುವ ಪಾಸು ಕೈಗೆ ಬರುವುದರೊಳಗೆ ಮಣ್ಣೂ ಆಗಿತ್ತು. ಚಾಚಾ ಅಳಲಿಲ್ಲ, ನನ್ನನ್ನು ಬೈಯಲೂ ಇಲ್ಲ. ಬೈದಿದ್ದರೆ ಉಳಿದುಕೊಳ್ಳುತ್ತಿದ್ದೆ. "ಸಂತಪುರದಾಗ ನಿಂದರಬಾರದಿತ್ತು," ಎಂದಷ್ಟೇ ಹೇಳಿ ಮಂಚಕ್ಕೆ ಮರಳಿದರು.

ಲಾಕ್‌ಡೌನ್ ತೆರೆಯಿತು. ಊರಿಗೆ ಊರೇ ಬೀದಿಗಿಳಿಯಿತು. ಚಾಚಾ ಹೊಸ್ತಿಲು ದಾಟಲಿಲ್ಲ. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, "ಈಗ ನಡೀಲಿಲ್ಲಂದ್ರ ಮುಂದ ನಡಿಯಂಗಿಲ್ಲ," ಎಂದರು. ಚೊಂಬು ನನ್ನ ಅಂಗಡಿಯ ಅಟ್ಟದ ಮೇಲಿತ್ತು. ಗಿರಾಕಿಯೊಬ್ಬ ಅದನ್ನೇ ಕೇಳಿದಾಗ, ಜೀವಮಾನದಲ್ಲಿ ಮೊದಲ ಬಾರಿಗೆ, ಕೊಡುವುದಿಲ್ಲ ಎಂದೆ.

ಅಂದೇ ಸಂಜೆ ಅದನ್ನು ಹಿಡಿದು ಹೋಗಿ ಅವರ ಮಂಚದೆದುರು ಕುಲುಕಿದೆ. "ಏಳ್ರಿ ಚಾಚಾ. ಸಂತಪುರದಿಂದ ಮುಂದಿನ ದಾರಿ ಹಂಗೇ ಅದ."

"ಯಾರ ಸಲುವಾಗಿ ನಡೀಲೋ?"

"ನನ್ನ ಸಲುವಾಗಿ. ನಿಲ್ಲಿಸಿದವ ನಾ ಅದೇನಿ."

ಚೊಂಬಿನೊಳಗೆ ಕೈಹಾಕಿ ಬೀಜ ತಿರುವಿದರು. "ಐದು ಸುತ್ತು."

"ಇಪ್ಪತ್ತು."

"ಏಳು."

ಏಳಕ್ಕೆ ಒಪ್ಪಿದೆ. ಅಷ್ಟು ಸೋತ ವ್ಯಾಪಾರ ನಾನು ಮತ್ತೆ ಮಾಡಿಲ್ಲ. ಸ್ಕೂಟರಿಲ್ಲದೆ ಓಣಿಯ ತುದಿಗೂ ಹೋಗದ ನಾನು ಅವರ ರಟ್ಟೆ ಹಿಡಿದು ಜೊತೆಗೇ ಸುತ್ತಿದೆ. ಏಳು, ಹತ್ತು, ಹದಿನೈದು. ಮೂರು ವಾರ ಹಿಡಿಯಿತು.

ಕೊನೆಯ ಬೀಜ ಬಿದ್ದು ಔರಾದು ಮುಟ್ಟುವ ಸಂಜೆ ಅಂಗಡಿಯಿಂದ ಹೊಸ ಬೋಗುಣಿ ತಂದು, ಉಪ್ಪು ಹಾಕಿ ನೀರು ಕಾಸಿ, ಮೆಟ್ಟಿಲ ಬಳಿ ಇಟ್ಟಿದ್ದೆ. ಚಾಚಾ ಕಂಡು ನಿಂತುಬಿಟ್ಟರು. ಗೋಡೆ ಹಿಡಿದು ಮೆಲ್ಲಗೆ ಕುಳಿತು ಪಾದ ಇಳಿಬಿಟ್ಟರು. ನಾನು ತೊಳೆಯತೊಡಗಿದೆ.

"ಬೈಯೋ," ಎಂದರು ಚಾಚಾ.

"ಏನಂದ್ರಿ?"

"ಸುಮ್ಮ ತೊಳದ್ರ ಹ್ಯಾಂಗ? ಬೈಯಬೇಕು."

ಬಾಯಿ ತೆರೆದೆ. ಊರಿಗೆಲ್ಲ ಬುದ್ಧಿ ಹೇಳುವ ಬಾಯಿ. "ಪಾಗಲ್..." ಎಂದೆ, ಬಸ್ಸಿನ ಮಾತು ಬಿಟ್ಟು ಹಿಮ್ಮಡಿ ಉಜ್ಜಿದೆ.

ನೀರು ಆರುವವರೆಗೂ ಚಾಚಾ ಕಣ್ಣು ತೆರೆಯಲಿಲ್ಲ.