ದೋಸೆ ಹಿಟ್ಟಿನ ಪಕ್ಕದಲ್ಲಿ ಆರು ತಿಂಗಳು

ಕುಡಿಯದವನನ್ನು ಜನ ಎಲ್ಲ ವಿಷಯದಲ್ಲೂ ನಂಬಿಬಿಡುತ್ತಾರೆ. ಇದರಿಂದ ನಮ್ಮಂಥವರಿಗೆ ಮರ್ಯಾದೆ, ನಂಬಿದವರಿಗೆ ನಷ್ಟ. ವೆಲ್ಲಿಂಗ್ಟನ್ನಿನ ನಮ್ಮ ಬೀದಿಯಲ್ಲಿ ಬಾಟಲಿ ತೆರೆಯದ ಮನೆ ನಮ್ಮದೊಂದೇ. ಆ ಒಂದೇ ಅರ್ಹತೆಯ ಮೇಲೆ ಪಕ್ಕದ ಮನೆಯ ಪಾಲೀನ್ ತಮ್ಮ ಪ್ರಾಣದಂಥ ವೈನ್ ಬಾಟಲಿಯನ್ನು ನನ್ನ ಕೈಗೆ ಒಪ್ಪಿಸಿದರು. ಆಕೆಗೆ ಎಪ್ಪತ್ತೆರಡು, ನಿವೃತ್ತ ನರ್ಸ್, ಸೊಂಟದ ಕೀಲು ಬದಲಿಸುವ ಆಪರೇಷನ್ ಮುಂದಿತ್ತು. "ನಾನು ಆಸ್ಪತ್ರೆಯಲ್ಲಿದ್ದಾಗ ಮನೆ ನೋಡ್ಕೊಳ್ಳೋಕೆ ನನ್ನ ತಮ್ಮ ಬರ್ತಾನೆ. ಅವನು ಮೊದಲು ನೋಡ್ಕೊಳ್ಳೋದೇ ಬಾಟಲಿಗಳನ್ನ. ನಿಮ್ಮನೇಲಾದ್ರೆ ಲಾಕರ್‌ನಲ್ಲಿ ಇಟ್ಟ ಹಾಗೆ" ಎಂದರು.

ಅದು ಸ್ಪೇನಿನ ಕೆಂಪು ವೈನ್. ಎಂಬತ್ತು ವರ್ಷದ ಬಳ್ಳಿಗಳ ದ್ರಾಕ್ಷಿಯಿಂದ ಮಾಡಿ, ಓಕ್ ಮರದ ಪೀಪಾಯಿಯಲ್ಲಿ ಎರಡು ವರ್ಷ ಕೂರಿಸಿದ್ದಂತೆ. ಮುದಿ ಬಳ್ಳಿ ಗೊಂಚಲು ಬಿಡುವುದು ಕಡಿಮೆ, ಆದರೆ ಬಿಟ್ಟದ್ದರಲ್ಲಿ ರಸ ಗಟ್ಟಿ ಎಂದು ವಿವರಿಸುವಾಗ ಆಕೆ ಬಳ್ಳಿಯ ಬಗ್ಗೆ ಮಾತಾಡುತ್ತಿದ್ದಾರೋ ತಮ್ಮ ಬಗ್ಗೆಯೋ ನನಗೆ ತಿಳಿಯಲಿಲ್ಲ. "ಕೋಲಿಲ್ಲದೆ ನಿಮ್ಮ ಮೆಟ್ಟಿಲು ಹತ್ತಿ ಬಂದ ದಿನ ಇದನ್ನ ತೆಗೀತೀನಿ. ಹತ್ತೋಕಾಗದೇ ಹೋದ್ರೆ ಯಾವುದಾದರೂ ಗಿಡಕ್ಕೆ ಸುರೀರಿ" ಎಂದು ನಕ್ಕರು. ನಗು ಕಣ್ಣಿನವರೆಗೆ ಬರಲಿಲ್ಲ. ನಮ್ಮ ಮನೆಗೆ ನಲವತ್ತಾರು ಮೆಟ್ಟಿಲು. ಈ ಊರಿನಲ್ಲಿ ಅದೇನು ದೊಡ್ಡ ಸಂಖ್ಯೆಯಲ್ಲ, ಗಾಳಿ ಎದುರಿಗಿಲ್ಲದಿದ್ದರೆ.

"ಕತ್ತಲಲ್ಲಿ ಮಲಗಿಸಿಡಿ, ಅಲ್ಲಾಡಿಸಬೇಡಿ" ಎಂದು ಆಕೆ ಹೇಳಿದ್ದು ನೆನಪಿದೆ. "ತಣ್ಣಗಿರೋ ಕಡೆ" ಎಂದೂ ಹೇಳಿದರಂತೆ. ಅದು ನೆನಪಿಲ್ಲ. ನೆನಪಿಲ್ಲ ಎಂದ ಮಾತ್ರಕ್ಕೆ ಹೇಳಿಲ್ಲ ಎಂದು ವಾದಿಸುವಷ್ಟು ವಿಶ್ವಾಸ ನನ್ನ ನೆನಪಿನ ಮೇಲೆ ನನಗೇ ಇಲ್ಲ. ನಮ್ಮ ಮನೆಯಲ್ಲಿ ಕತ್ತಲಿರುವ, ಯಾರೂ ಅಲ್ಲಾಡಿಸದ ಜಾಗ ಒಂದೇ, ಬಿಸಿನೀರಿನ ಸಿಲಿಂಡರ್ ಇರುವ ಕಪಾಟು. ಇಲ್ಲಿನವರು ಅದರಲ್ಲಿ ಟವೆಲ್ ಬೆಚ್ಚಗಿಡುತ್ತಾರೆ. ನಾವು ದೋಸೆ ಹಿಟ್ಟು ಇಡುತ್ತೇವೆ. ಜುಲೈಗೆ ಚಳಿಗಾಲ ಬರುವ ಈ ದೇಶದಲ್ಲಿ ಹಿಟ್ಟು ಉಬ್ಬುವ, ಮೊಸರು ಹೆಪ್ಪಾಗುವ ಏಕೈಕ ಪುಣ್ಯಸ್ಥಳ ಅದು. ಬಾಡಿಗೆ ಮನೆ ನೋಡಲು ಹೋದಾಗ ನಮ್ಮವರು ಮೊದಲು ತೆರೆಯುವ ಬಾಗಿಲೂ ಅದೇ. ಹುದುಗುವ ಪದಾರ್ಥಕ್ಕೆ ಹುದುಗುವ ಜಾಗ. ತರ್ಕದಲ್ಲಿ ತಪ್ಪೇನಿದೆ?

ತಪ್ಪೇನಿದೆ ಎಂದು ತಿಳಿದದ್ದು ಅಕ್ಟೋಬರಿನ ಒಂದು ಶನಿವಾರ. ಪಾಲೀನ್ ಫೋನ್ ಮಾಡಿ, "ನಾಳೆ ಬರ್ತೀನಿ. ಕೋಲು ಮನೇಲೇ ಇರುತ್ತೆ" ಎಂದರು. ನಾನು ಕಪಾಟಿನಿಂದ ಬಾಟಲಿ ಹೊರತೆಗೆದು ಮುಟ್ಟಿದೆ. ಜ್ವರ ಬಂದ ಮಗುವಿನ ಹಣೆಯ ಹಾಗಿತ್ತು. ಮಗಳು ಅನಘಾ ಫೋನಿನಲ್ಲಿ ಹುಡುಕಿ, ಶಾಖದಲ್ಲಿಟ್ಟ ವೈನಿಗೆ ಏನಾಗುತ್ತದೆಂದು ಗಟ್ಟಿಯಾಗಿ ಓದಿದಳು. ಓದು ಮುಗಿಯುವ ಮೊದಲೇ ನಾನು ಹೆಂಡತಿಯ ಕಡೆ ತಿರುಗಿ, "ಅಲ್ಲಿ ಯಾಕೆ ಇಟ್ಟೆ?" ಎಂದೆ.

"ರೀ, ನಾನು ಮಂಚದ ಕೆಳಗಿಡೋಣ ಅಂದೆ. ಹಿಟ್ಟಿನ ಜೊತೆ ಇದ್ರೆ ಅದೂ ಬೇಗ ಹಳೇದಾಗುತ್ತೆ ಅಂದೋರು ನೀವೇ" ಎಂದಳು ಶುಭಾ.

ಅವಳೇ ಬಾಟಲಿಯನ್ನು ಒರೆಸಿ ಅಲ್ಲಿ ಮಲಗಿಸಿದ ಚಿತ್ರ ನನ್ನ ಕಣ್ಣಿಗೆ ಕಟ್ಟಿದಂತಿದೆ. ಸೀರೆಯ ಬಣ್ಣ ಸಹಿತ. ಆದರೆ ಅವಳು ಈ ದೇಶದಲ್ಲಿ ಮನೆಯೊಳಗೆ ಸೀರೆ ಉಟ್ಟದ್ದೇ ಇಲ್ಲ. ಅಷ್ಟರಲ್ಲಿ ಅನಘಾ ಒಂದು ಫೋಟೋ ಹಿಡಿದು ಬಂದಳು. ಹಿಟ್ಟು ಉಕ್ಕಿ ಬಾಟಲಿಯ ಮೇಲೆ ಹರಿದ ದಿನದ್ದು. ಒರೆಸುತ್ತಿರುವ ಕೈ ಮಾತ್ರ ಕಾಣುತ್ತದೆ. "ಅಪ್ಪಾ, ದಟ್ಸ್ ಯುವರ್ ವಾಚ್."

"ಇಂಥದ್ದೇ ಇನ್ನೊಂದು ತಂದಿಡೋಣ" ಎಂದೆ.

"ಜನ್ಮವೆಲ್ಲ ಹೆರಿಗೆ ವಾರ್ಡಿನಲ್ಲಿ ಇದ್ದೋರಿಗೆ ಮಗು ಬದಲಾಯಿಸಿ ಕೊಡ್ತೀರಾ?" ಎಂದಳು ಶುಭಾ.

ಮರುದಿನ ಮಧ್ಯಾಹ್ನ, ತಪ್ಪೊಪ್ಪಿಗೆಯನ್ನು ಬಾಯಿಪಾಠ ಮಾಡಿಕೊಂಡು ಮೇಲಿನ ಮೆಟ್ಟಿಲಿನಲ್ಲಿ ನಿಂತೆ. ಕೆಳಗೆ ಪಾಲೀನ್ ಒಂದು ಕೈಯಲ್ಲಿ ಕಂಬಿ ಹಿಡಿದು ಹೊರಟರು. ಗಾಳಿ ಸರಿಯಾಗಿ ಎದುರಿಗೇ ಇತ್ತು. ಅರ್ಧ ದಾರಿಯಲ್ಲಿ ನಿಂತರು. ಬಹಳ ಹೊತ್ತು ನಿಂತರು. ಈಗಲೇ ಹೇಳಿಬಿಟ್ಟರೆ ಮಿಕ್ಕ ಮೆಟ್ಟಿಲುಗಳ ಶ್ರಮವಾದರೂ ಉಳಿದೀತೆಂದು ಬಾಯಿ ತೆರೆದೆ. "ಮಾತಾಡಬೇಡಿ! ಎಣಿಸ್ತಿದೀನಿ!" ಎಂದು ಕೆಳಗಿನಿಂದ ಗದರಿದರು. ಬಾಯಿ ಮುಚ್ಚಿದೆ. ನಲವತ್ತಾರನೆಯದರ ಮೇಲೆ ಕಾಲಿಟ್ಟಾಗ ಆಕೆಯ ಮುಖ ಟೊಮೆಟೊ ಆಗಿತ್ತು. "ಎಲ್ಲಿ ನನ್ನ ಮುದುಕ?" ಎಂದರು.

ಆ ಕ್ಷಣದಲ್ಲೇ ನಾನು ಧೈರ್ಯವಾಗಿ ಎಲ್ಲ ಹೇಳಿಬಿಟ್ಟೆ. ಶುಭಾಳ ಪ್ರಕಾರ ನಾನು ಕುರ್ಚಿ ತರುತ್ತೇನೆಂದು ಒಳಗೆ ಹೋದೆ, ಹೇಳಿದವಳು ಅವಳು. ಅಂತೂ ವಿಷಯ ತಲುಪಿತು.

ಪಾಲೀನ್ ಬಾಟಲಿ ತೆಗೆದರು. ಲೇಬಲ್ಲಿನ ಮೇಲೆ ಒಣಗಿದ ಹಿಟ್ಟನ್ನು ಉಗುರಿನಿಂದ ಕೆರೆದರು, ಮೂಸಿದರು, ಒಂದು ಗುಟುಕು ಬಾಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿದರು. "ಜಾಮ್. ಬೆಂದ ಪ್ಲಮ್ ಹಣ್ಣಿನ ಜಾಮ್. ಪೂರ್ತಿ ಹೋಗಿದೆ" ಎಂದರು. ಆಮೇಲೆ ನಗಲು ಶುರುಮಾಡಿದವರು ಸೊಂಟ ಹಿಡಿದುಕೊಂಡು, "ಅಯ್ಯೋ, ನಗಿಸಬೇಡಿ, ಕೀಲು ಇನ್ನೂ ಹೊಸದು! ಅಲ್ಲಾ, ಎಂಬತ್ತು ವರ್ಷ ಸ್ಪೇನಿನ ಬಿಸಿಲು ತಡ್ಕೊಂಡಿದ್ದು ನಿಮ್ಮ ತಿಂಡಿ ತಡ್ಕೊಳ್ಳಲಿಲ್ಲವಲ್ಲ!" ಎಂದರು. ನಾನು ಕ್ಷಮೆ ಕೇಳಲು ಹೋದೆ. ಕೈಯೆತ್ತಿ ತಡೆದರು. "ಇದಕ್ಕೋಸ್ಕರ ಹತ್ತಬೇಕು ಅಂದ್ಕೊಂಡೆ. ಹತ್ತಿದ್ದಾಯ್ತು. ಅದನ್ನ ನೀವು ಯಾವ ಕಪಾಟಿನಲ್ಲಿಟ್ಟೂ ಹಾಳು ಮಾಡೋಕಾಗಲ್ಲ."

ಇನ್ನೊಂದು ಬಾಟಲಿ ತರಿಸುತ್ತಾರಂತೆ. ಬೀದಿಯ ತುದಿಯ ಗುಡ್ಡದವರೆಗೆ ನಡೆದ ದಿನ ತೆರೆಯುವುದು. ಇಡುವುದು ಅವರ ಮನೆಯಲ್ಲೇ. "ನೀವೂ ಒಂದು ಲೋಟ ಕುಡೀಬೇಕು. ಒಳ್ಳೇದು ಹೇಗಿರುತ್ತೆ ಅಂತ ಗೊತ್ತಾಗಲಿ. ಅದೇ ನಿಮಗೆ ಶಿಕ್ಷೆ." ಈಗ ದಿನಾ ಸಂಜೆ ನಾನು ಕಿಟಕಿಯಲ್ಲಿ ನಿಂತು ನೋಡುತ್ತೇನೆ. ನಿನ್ನೆಗಿಂತ ಒಂದು ದೀಪದ ಕಂಬ ಮುಂದೆ ಹೋಗಿದ್ದರೆ ನನ್ನ ಕಾಲಿಗೇ ಬಲ ಬಂದ ಹಾಗಾಗುತ್ತದೆ. ಆಕೆ ತುದಿ ಮುಟ್ಟುತ್ತಾರೆ, ಅದರಲ್ಲಿ ನನಗೆ ಸಂಶಯವಿಲ್ಲ. ಸಂಶಯವಿರುವುದು ನನ್ನ ನಾಲಗೆಯ ಮೇಲೆ. ಅಂದು ಪಾಲೀನ್ ಮತ್ತು ಶುಭಾ ಒಳಗೆ ದೋಸೆ ತಿನ್ನುತ್ತಿದ್ದಾಗ, ನಾನು ಕೆಡಿಸಿದ್ದೇನು ಎಂದು ತಿಳಿಯುವುದು ನನ್ನ ಕರ್ತವ್ಯವೆಂದು ಒಂದು ಗುಟುಕು ನೋಡಿದೆ. ಕರ್ತವ್ಯ ಒಂದು ಗುಟುಕಿಗೆ ಮುಗಿಯಲಿಲ್ಲ. ಆ ಕೆಟ್ಟ ವೈನೇ ಬಹಳ ಚೆನ್ನಾಗಿತ್ತು. ಒಳ್ಳೆಯದು ಅದಕ್ಕಿಂತ ಬೇರೆಯಾಗಿರುತ್ತದೆ ಎನ್ನುತ್ತಾರಲ್ಲ, ಅದೇ ಈಗ ಭಯ.