ಮಾವಶಿ ಬಿಟ್ಟ ಸಾಲು

ನಮ್ಮ ಮಾವಶಿ ದೇವರಿಗೆ ಒಂದೇ ಒಂದು ಸುಳ್ಳನ್ನೂ ಹೇಳಿದವಳಲ್ಲ. ಉಳಿದವರಿಗೆ ಹೇಳ್ತಾಳೆ, ಧಾರಾಳವಾಗಿ! ವಯಸ್ಸು ಕೇಳಿದವರಿಗೆ ಹೇಳ್ತಾಳೆ, ವಿಮೆ ಏಜೆಂಟನಿಗೆ ಹೇಳ್ತಾಳೆ. ತಾನು ಬೆರಳು ಚೀಪಿ ಚೀಪಿ ತಿಂದ ಬಂಗಡೆಯ ಬಗ್ಗೆ ಮರುದಿನ ಮೀನಿನವಳಿಗೆ, "ನಿನ್ನೆ ಕೊಟ್ಟದ್ದನ್ನ ಬೆಕ್ಕೂ ಮೂಸಲಿಲ್ಲ" ಅನ್ನುತ್ತಾಳೆ. ಆದರೆ ಮೇಣದಬತ್ತಿ ಹಚ್ಚಿ ದೇವರ ಮುಂದೆ ನಿಂತಳೋ, ಮುಗೀತು. ಆಮೇಲೆ ನಿಜ ಬಿಟ್ಟು ಬೇರೆ ಮಾತಿಲ್ಲ.

ಒಂದು ವರ್ಷದ ಕಥೆ ಕೇಳಿ. ಈಸ್ಟರಿಗೆ ಮುಂಚೆ ನಲವತ್ತು ದಿನ ಮಾಂಸ ಬಿಡುವುದು ನಮ್ಮ ಮನೆಯ ಪದ್ಧತಿ. ಕಾರವಾರದಲ್ಲಿ ಹುಟ್ಟಿದವರಿಗೆ ಅದೆಂಥ ಕಷ್ಟ ಹೇಳಿ? ಕೋಳಿ ಬಿಟ್ಟು ಇಸವಣ ಮೀನು ಹುರಿದು ತಿಂದು, "ವ್ರತ" ಅಂತ ತೇಗಿದರಾಯಿತು. "ಇದು ದೇವರಿಗೆ ಟೋಪಿ ಹಾಕೂದು" ಎಂದು ಮಾವಶಿ ಮೀನನ್ನೇ ಬಿಟ್ಟಳು. ಮೀನಿಲ್ಲದ ಅವಳ ಸಿಡುಕಿಗೆ ಹೆದರಿ ಆರನೇ ದಿನಕ್ಕೆ ಹಾಲಿನವನು ದಾರಿ ಬದಲಿಸಿದ. ಎಂಟನೇ ದಿನ ಪಕ್ಕದ ಮನೆಯವರು ಕಿಟಕಿ ಮುಚ್ಚಿಕೊಂಡರು. ಕೊನೆಗೆ ಇಗರ್ಜಿಯ ಪಾದ್ರಿಗಳೇ ಮನೆಗೆ ಬಂದು, "ಬಾಯಿ, ದಯಮಾಡಿ ನೀವು ಮೀನು ತಿನ್ನಿ. ನಿಮ್ಮ ಉಪವಾಸವನ್ನ ಈಗ ಇಡೀ ಕೇರಿ ಮಾಡ್ತಾ ಉಂಟು" ಎಂದರು.

ನನ್ನನ್ನು ಸಾಕಿದವಳು ಈಕೆಯೇ. ನನಗೆ ನಾಲ್ಕು ವರ್ಷವಿದ್ದಾಗ ಅಮ್ಮ ತೀರಿಕೊಂಡಳು. ಅಮ್ಮನ ತಂಗಿ ಈ ಮಾವಶಿ. ಮದುವೆ ಗಿದುವೆ ಬೇಡವೆಂದು ಶಾಲೆಯಲ್ಲಿ ಪಾಠ ಹೇಳಿಕೊಂಡು ನನ್ನನ್ನು ಬೆಳೆಸಿದಳು. ಅಂಥವಳಿಗೆ ನಾನೇನು ಮಾಡಿದೆ? ಮೂರು ವರ್ಷದ ಹಿಂದೆ, ಒಂದು ಮಾತೂ ತಿಳಿಸದೆ, ಅಂಕೋಲೆಯ ಹತ್ತಿರದ ಶೆಟಗೇರಿಯ ಹಿಂದೂ ಹುಡುಗನನ್ನು ರಿಜಿಸ್ಟರ್ ಮದುವೆಯಾದೆ. ಹೇಳಿದರೆ ಬೇಡ ಅಂದಾಳು ಎಂಬ ಹೆದರಿಕೆ. ಅವಳಿಗೆ ಸುದ್ದಿ ಗೊತ್ತಾದದ್ದು ಭಾನುವಾರ ಇಗರ್ಜಿಯ ಮೆಟ್ಟಿಲ ಮೇಲೆ, ಮೂರನೆಯವರ ಬಾಯಿಂದ. "ಹುಡುಗ ಒಳ್ಳೆಯವನೇ ಇರಬೇಕು. ನನ್ನ ಕೈತುತ್ತು ತಿಂದವಳು ನನಗೆ ಹೇಳಲಿಲ್ಲ" ಅಂದಳಂತೆ. ಅಂದಿನಿಂದ ನನ್ನ ಹತ್ತಿರ ಮಾತು ಬಂದ್. ನಾನು ಸೀರೆ ಕಳಿಸಿದೆ, ಕ್ರಿಸ್ಮಸ್ಸಿಗೆ ಕೇಕು ಕಳಿಸಿದೆ. ತಪ್ಪಾಯಿತು ಎಂಬ ಒಂದು ಮಾತನ್ನು ಮಾತ್ರ ಕಳಿಸಲಿಲ್ಲ.

ಅಷ್ಟರಲ್ಲಿ ಸರಕಾರ ಹೆಂಗಸರಿಗೆ ಬಸ್ಸು ಫ್ರೀ ಮಾಡಿತು. ಮಾವಶಿ ಮೊದಲೇ ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವಳು. ಕೇಳಬೇಕೆ! ಸಂಜೆ ಜಪಮಾಲೆಯ ಪ್ರಾರ್ಥನೆಯನ್ನು ಬಸ್ಸಿಗೆ ವರ್ಗಾಯಿಸಿಬಿಟ್ಟಳು. "ಮನೇಲಿ ಕೂತ್ರೆ ಒಂದು ಕಣ್ಣು ಮಣಿ ಮೇಲೆ, ಒಂದು ಕಣ್ಣು ಮೊಬೈಲ್ ಮೇಲೆ. ಬಸ್ಸಲ್ಲಿ ನೆಟ್‌ವರ್ಕ್ ಇಲ್ಲ, ಭಕ್ತಿ ಬರ್ತದೆ" ಎಂದು ನೆರೆಯವರಿಗೆ ವಿವರಣೆ. ಜಪಮಾಲೆಯಲ್ಲಿ ಹತ್ತು ಹತ್ತು ಮಣಿಯ ಐದು ಸುತ್ತು. ಅಂಕೋಲಾ ಬಸ್ಸು ಕಾರವಾರ ಬಿಟ್ಟು ಬಿಣಗಾಕ್ಕೆ ಬಂದರೆ ಒಂದು, ಅಮದಳ್ಳಿಗೆ ಎರಡು, ಹಾರವಾಡಕ್ಕೆ ಮೂರು, ಅವರ್ಸಾಕ್ಕೆ ನಾಲ್ಕು, ಅಂಕೋಲಾ ಸ್ಟ್ಯಾಂಡಿನಲ್ಲಿ ಆಮೆನ್. ಇಳಿದು ಒಂದು ಚಾ ಕುಡಿದು ವಾಪಸ್ ಬಸ್ಸು ಹತ್ತುವುದು. ಹೈವೇ ಅಗಲವಾಗಿ ಬಸ್ಸು ಜೋರಾಗಿ ಓಡತೊಡಗಿದ ಮೇಲೆ ಲೆಕ್ಕ ತಪ್ಪಿತು. "ಡ್ರೈವರಿಗೆ ನಿಧಾನ ಹೇಳು. ಇನ್ನೂ ಹದಿನಾಲ್ಕು ಮಣಿ ಉಂಟು" ಎಂದು ಕಂಡಕ್ಟರನಿಗೆ ತಾಕೀತು.

ನನ್ನ ಆಫೀಸು ಕಾರವಾರದಲ್ಲಿ. ಸಂಜೆ ಐದೂವರೆಗೆ ಶೆಟಗೇರಿಗೆ ಮರಳಲು ನಾನು ಹತ್ತುವುದೂ ಅದೇ ಬಸ್ಸು. ಇಡೀ ಬಸ್ಸು ಖಾಲಿ ಇದ್ದರೂ ಮಾವಶಿ ಕೂರುವುದು ಸರಿಯಾಗಿ ನನ್ನ ಹಿಂದಿನ ಸೀಟಿನಲ್ಲಿ. ಮಾತು ಮಾತ್ರ ಕಂಡಕ್ಟರನ ಮುಖಾಂತರ. ಅವನು ಹುಬ್ಬಳ್ಳಿ ಕಡೆಯ ಸಾಧು ಪ್ರಾಣಿ.

"ಮುಂದಿನ ಸೀಟಿನ ಹೆಂಗಸಿಗೆ ಹೇಳು, ಕಿಟಕಿ ಹಾಕ್ಕೊಳ್ಲಿ. ಥಂಡಿ ಗಾಳಿ, ಸಣ್ಣಕಿದ್ದಾಗಿಂದ ಕಿವಿ ನೋವು ಉಂಟು."

"ಅಕ್ಕಾರ, ಕಿಟಕಿ ಹಾಕ್ಕೋಬೇಕಂತ್ರಿ. ನಿಮಗ ಕಿವಿ ನೋವು ಐತಂತ" ಎಂದು ಅವನು ಒಂದು ಮಾರು ದೂರದ ಮಾತನ್ನು ನನಗೆ ತಲುಪಿಸುತ್ತಿದ್ದ. ಒಂದು ದಿನ ಬೇಸತ್ತು, "ಅಮ್ಮಾರ, ಟಿಕೆಟ್ ಹರಿಯಾಕಷ್ಟ ಸರಕಾರ ಪಗಾರ ಕೊಡತೈತ್ರಿ" ಎಂದೂ ಅಂದ.

ಹಿಂದಿನಿಂದ ಅವಳ ಪ್ರಾರ್ಥನೆ ಕೇಳುತ್ತಿತ್ತು. ಪ್ರತಿ ಸುತ್ತಿಗೆ ಮುನ್ನ ಪರಲೋಕದ ತಂದೆಯ ಪ್ರಾರ್ಥನೆ ಬರುತ್ತದೆ. ಅದರಲ್ಲೊಂದು ಸಾಲುಂಟು: ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದಂತೆ ನಮ್ಮ ತಪ್ಪನ್ನೂ ಕ್ಷಮಿಸು ಎಂದು. ಅದರ ಹಿಂದಿನ, ದಿನದ ಅನ್ನ ಬೇಡುವ ಸಾಲು ಮುಗಿಸಿದವಳು ಇದನ್ನು ಹಾರಿ ಮುಂದಿನದಕ್ಕೆ ಹೋಗಿಬಿಡುತ್ತಿದ್ದಳು. ವಯಸ್ಸಾಯಿತು, ಮರೆವು ಎಂದುಕೊಂಡೆ.

ಮರೆವಲ್ಲವೆಂದು ಗೊತ್ತಾದದ್ದು ಪಾಪನಿವೇದನೆಯ ಅವಾಂತರದಲ್ಲಿ. ಪಾದ್ರಿಗಳ ಮುಂದೆ ಹೇಳಬೇಕಾದ ಪಾಪಗಳು ಮರೆತುಹೋಗಬಾರದೆಂದು ಮಾವಶಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡಳು. ಯಾವ ಗುಂಡಿ ಒತ್ತಿದಳೋ, ಅದು ನೆಟ್ಟಗೆ ಇಗರ್ಜಿ ವಾರ್ಡಿನ ವಾಟ್ಸಾಪ್ ಗುಂಪಿಗೆ ಹೋಯಿತು! ಬೆಕ್ಕೂ ಮೂಸಲಿಲ್ಲವೆಂದ ಬಂಗಡೆಯಿಂದ ಹಿಡಿದು ಎಲ್ಲವೂ. ಮೂವರು "ಆಮೆನ್" ಹಾಕಿದರು. ಮೀನಿನವಳ ಮಗಳೂ ಗುಂಪಿನಲ್ಲಿದ್ದಳು. ಮರುದಿನದಿಂದ ಮಾವಶಿಗೆ ಚೌಕಾಶಿ ನಡೆಯಲಿಲ್ಲ. ಯಾರೋ ಪುಣ್ಯಾತ್ಮರು ಅದನ್ನು ನನಗೂ ಕಳಿಸಿದರು. ನಕ್ಕು ನಕ್ಕು ಕೇಳುತ್ತಿದ್ದೆ. ಕೊನೆಗೆ ಅವಳ ದನಿ ತಗ್ಗಿತು: "ಆ ಹುಡುಗಿಯನ್ನ ಇನ್ನೂ ಕ್ಷಮಿಸೂಕಾಗಲಿಲ್ಲ. ಆಗದ್ದನ್ನ ಆಯ್ತು ಅಂತ ದೇವರಿಗೆ ಹೇಳೂದು ಹೇಗೆ? ಅದಕ್ಕೇ ಆ ಸಾಲು ಬಿಡ್ತೇನೆ." ನನ್ನ ನಗು ಅಲ್ಲಿಗೇ ನಿಂತಿತು.

ಆ ಮೇಲೆ ಬಸ್ಸಿನಲ್ಲಿ ಕೂತರೆ ಮುಳ್ಳಿನ ಮೇಲೆ ಕೂತ ಹಾಗೆ. ಪ್ರತಿ ಸುತ್ತಿಗೂ ಕಿವಿಗೊಟ್ಟು ಕಾಯುವುದು, ಇವತ್ತಾದರೂ ಹೇಳಿಯಾಳೇ ಎಂದು. ಇಲ್ಲ, ದಿನಕ್ಕೆ ಐದು ಸಲ ಅದೇ ಜಾಗದಲ್ಲಿ ಹಾರುವುದು. ನಡುವೆ ಜ್ವರ ಬಂದು ನಾನು ನಾಲ್ಕು ದಿನ ರಜೆ ಹಾಕಿದೆ. ಮರಳಿದ ದಿನ ಕಂಡಕ್ಟರ್ ಮೆಲ್ಲಗೆ ಹೇಳಿದ: "ನೀವು ಬರದ ನಾಕೂ ದಿನ ಅಮ್ಮಾರು ಬಸ್ ಹತ್ತಲಿಲ್ರಿ. ಬಾಗಲದಾಗ ನಿಂತು ನಿಮ್ಮ ಸೀಟ್ ನೋಡೂದು, ಹೊಳ್ಳಿ ಹೋಗೂದು."

ನೆಟ್‌ವರ್ಕ್ ಇಲ್ಲದ್ದಕ್ಕೆ ಬಸ್ಸಂತೆ! ದೇವರಿಗೆ ಹೇಳಿದ್ದಲ್ಲವಲ್ಲ, ನೆರೆಯವರಿಗೆ ಹೇಳಿದ ಸುಳ್ಳು.

ಅಕ್ಟೋಬರಿನಲ್ಲಿ ನಮ್ಮಲ್ಲಿ ಸಾಯ್ಬಿಣ್, ಅಂದರೆ ಮೇರಿ ಮಾತೆಯ ಮೂರ್ತಿ, ದಿನಕ್ಕೊಂದು ಮನೆಯಂತೆ ವಾರ್ಡೆಲ್ಲ ಸುತ್ತುತ್ತದೆ. ಸಂಜೆ ಜಪಮಾಲೆ, ಆಮೇಲೆ ಎಲ್ಲರಿಗೂ ಬೇಯಿಸಿದ ಕಡಲೆ. ಶೆಟಗೇರಿಯ ನನ್ನ ಅತ್ತೆ ಇದನ್ನು ಕೇಳಿ, "ನಿಮ್ಮ ಅಮ್ಮನೋರು ಅಷ್ಟೆಲ್ಲ ಮನೆಗೆ ಹೋಗ್ತ್ರು, ನಮ್ಮನೆಗೆ ಎಂತಕ್ಕೆ ಬರೂದಿಲ್ಲ?" ಎಂದರು. ಬಸ್ಸಿನಲ್ಲಿ ನಾನೂ ಕಂಡಕ್ಟರನನ್ನೇ ಕರೆದೆ: "ಹಿಂದಿನ ಸೀಟಿನವರಿಗೆ ಹೇಳಿ, ನಮ್ಮತ್ತೆ ಸಾಯ್ಬಿಣಿಯನ್ನ ಕರೀತಿದ್ದಾರೆ."

"ಆ ಮನೆ ಪಟ್ಟಿಯಲ್ಲಿಲ್ಲ ಅಂತ ಹೇಳು" ಎಂದು ಉತ್ತರ ಬಂತು.

ವಾರದ ನಂತರ ಮಾವಶಿ ಬಸ್ಸು ಹತ್ತಿದಳು, ಕೈಯಲ್ಲಿ ಗಾಜಿನ ಪೆಟ್ಟಿಗೆ, ಒಳಗೆ ಸಾಯ್ಬಿಣ್. ಹಿಂದಿನ ಸಂಜೆ ಅವಳ ಮನೆಯ ಸರದಿ, ಅಂದು ಬೆಳಿಗ್ಗೆ ಮುಂದಿನ ಮನೆಗೆ ಕೊಡಬೇಕಿದ್ದದ್ದು. ಪೆಟ್ಟಿಗೆ ರಿಪೇರಿಗೆ ಹೋಗಿದೆಯೆಂದು ಆ ಮನೆಯವರಿಗೆ ಒಂದು ಸುಳ್ಳು ಎಸೆದು ಹೊರಟಿದ್ದಳು.

"ಇವರಿಗೂ ಒಂದು ಟಿಕೆಟ್ ಕೊಡು" ಎಂದಳು.

"ಹೆಣ್ಮಕ್ಕಳಿಗೆ ಫ್ರೀ ಐತಲ್ರಿ" ಎಂದು ಕಂಡಕ್ಟರ್ ನಕ್ಕ.

"ಅದು ಕರ್ನಾಟಕದವರಿಗೆ. ಇವರು ಈ ರಾಜ್ಯದವರಲ್ಲ, ಪೂರ್ತಿ ಟಿಕೆಟ್ ಹರಿ."

ನಾನು ಬಸ್ಸಿನಿಂದಲೇ ಫೋನ್ ಮಾಡಿದ್ದರಿಂದ ಅತ್ತೆ ಅಂಗಳದಲ್ಲಿ ರಂಗೋಲಿ ಹಾಕಿ, ಮಣೆಯಿಟ್ಟು ಕಾದಿದ್ದರು. ಸಾಯ್ಬಿಣಿಗೆ ಅಬ್ಬಲಿಗೆ ಹೂವಿನ ದಂಡೆ ಮುಡಿಸಿ ಕುಂಕುಮದ ಬಟ್ಟಲು ಎತ್ತಿದಾಗ, ಮೇರಿ ಮಾತೆಗೆ ಕುಂಕುಮವೇ ಎಂದು ನಾನು ಮಾವಶಿಯತ್ತ ತಿರುಗಿದೆ. ಮಾವಶಿ ಒಂದು ಕ್ಷಣ ನೋಡಿ, "ಹಚ್ಚಿ ತಾಯಿ. ಹೋದ ಮನೆಯ ಮರ್ಯಾದೆ ಅವರಿಗೂ ಗೊತ್ತುಂಟು" ಎಂದಳು.

ಪ್ರಾರ್ಥನೆ ಶುರುವಾಯಿತು. ನಾಲ್ಕು ಜನ ಕೂಡಿದಲ್ಲಿ ನಮ್ಮ ಕ್ರಮ ಬೇರೆ: ನಡೆಸುವವರು ಮೊದಲರ್ಧ ಹೇಳಬೇಕು, ಕೂಡಿದವರು ಉಳಿದರ್ಧ. ಬಸ್ಸಿನಲ್ಲಿ ಮಾವಶಿ ಒಬ್ಬಳೇ ಎರಡೂ ಹೇಳುತ್ತಿದ್ದಳು. ಇಲ್ಲಿ ಕೂಡಿದವರು ಅತ್ತೆ, ನನ್ನ ಗಂಡ, ನಾನು. ಪ್ರಾರ್ಥನೆ ಬರುವುದು ನನಗೊಬ್ಬಳಿಗೇ. ಮೊದಲರ್ಧ ಹೇಳಿ ಅವಳು ನಿಂತಳು. ಆ ಸಾಲು ಇರುವುದು ನನ್ನ ಅರ್ಧದಲ್ಲಿ!

ಅನ್ನದ ಸಾಲು ಹೇಳಿದೆ. ಮುಂದಿನದಕ್ಕೆ ಹಾರದೆ ಅಲ್ಲೇ ನಿಂತೆ. ಸಿಗ್ನಲ್ಲಿನಲ್ಲೂ ನಿಲ್ಲಲಾರದ ಮಾವಶಿ, ಮಣಿಯನ್ನು ಬೆರಳಲ್ಲಿ ಹಿಡಿದು ಅಲುಗಾಡದೆ ಕಾದಳು. ನನ್ನ ಬಾಯಿಂದ ಬಂದದ್ದು ಬೇರೆಯೇ: "ತಪ್ಪಾಯ್ತು ಮಾವಶಿ. ನಿನಗೆ ಹೇಳಬೇಕಿತ್ತು."

"ಅದು ಪ್ರಾರ್ಥನೆಯಲ್ಲಿಲ್ಲ" ಎಂದಳು. ಮೂರು ವರ್ಷದ ಮೇಲೆ, ನಡುವೆ ಕಂಡಕ್ಟರ್ ಇಲ್ಲದೆ, ನನಗೇ ಹೇಳಿದ ಮೊದಲ ಮಾತು. ಆಮೇಲೆ ಕೈ ಚಾಚಿ ನನ್ನ ಕಿವಿಯ ಮೇಲೆ ಸೆರಗು ಎಳೆದು, ಸಾಯ್ಬಿಣಿಯ ಕಡೆ ತಿರುಗಿ, ಬಿಟ್ಟ ಆ ಸಾಲನ್ನು ತಾನೇ ನಿಧಾನವಾಗಿ, ಒಂದಕ್ಷರ ಹಾರಿಸದೆ ಹೇಳಿದಳು.

ನಮ್ಮ ಮಾವಶಿ ದೇವರಿಗೆ ಸುಳ್ಳು ಹೇಳುವವಳಲ್ಲ.