ಡೌವೆಯ ಶುಭಗಳಿಗೆ

ಎಲ್ಲದಕ್ಕೂ ಕಾರಣ ಅತ್ತೆಯ ಬುಟ್ಟಿ. ಹುಟ್ಟುಹಬ್ಬಕ್ಕೆ ಬಂದವರ ಫೋನನ್ನೆಲ್ಲ ಫ್ರೌಕೆ ಮುದುಕಿ ಬಾಗಿಲಲ್ಲೇ ಬುಟ್ಟಿಗೆ ಹಾಕಿಸಿಕೊಳ್ಳುತ್ತಿದ್ದಳು. ಅಳಿಯ ಡೌವೆಗೆ ಇವತ್ತು ಫೋನಿಲ್ಲವೆಂದರೆ ಪ್ರಾಣವೇ ಇಲ್ಲ.

ಪಾಪ, ಒಂದು ವರ್ಷದಿಂದ ಅವನು ಗಳಿಗೆ ಕಾಯುತ್ತಿದ್ದ. ಹೆರಿಂಗ್ ಮೀನಿನ ಹೆಸರಿನ ಒಂದು ಪುಟ್ಟ ಕ್ರಿಪ್ಟೊ ನಾಣ್ಯ; ಅವರ ಸೀಮೆಯ ನಾಲ್ಕು ಜನ ಬಿಟ್ಟರೆ ಅದನ್ನು ಮೂಸುವವರಿಲ್ಲ. ಬೆಲೆ ಪಾತಾಳಕ್ಕಿಳಿದಾಗ ಕೊಳ್ಳಬೇಕು, ಏರಿದಾಗ ಮಾರಬೇಕು, ಲೆಮ್ಮರ್ ಬಂದರಿನಲ್ಲಿ ಮಾರಾಟಕ್ಕೆ ನಿಂತ ಆ ಹಸಿರು ದೋಣಿ ತನ್ನದಾಗಬೇಕು. ಅರ್ಧ ದೋಣಿಯ ದುಡ್ಡು ಆಗಲೇ ಕೂಡಿಟ್ಟಿದ್ದ. ಕಣ್ಣು ಮುಚ್ಚಿದರೆ ಸಾಕು, ಕಂದು ಹಾಯಿ ಗಾಳಿಗೆ ಉಬ್ಬುತ್ತಿತ್ತು, ಏರಿಯ ಮೇಲಿನ ಕುರಿಗಳು ಮೆಲ್ಲಗೆ ಹಿಂದೆ ಸರಿಯುತ್ತಿದ್ದವು, ಚುಕ್ಕಾಣಿ ಹಿಡಿದ ಡೌವೆಗೆ ಹಿತವಾಗಿ ನಿದ್ದೆ ಬರುತ್ತಿತ್ತು.

"ರೀ, ಇವತ್ತೂ ಆ ನಾಣ್ಯದ ಪುರಾಣ ತೆಗೆದೀರಿ ಜೋಕೆ! ಹೋದ ವರ್ಷ ಕೂತವರು ಏಳೋಕಾಗದೆ ಒದ್ದಾಡಿಹೋದ್ರು," ಎಂದಳು ಹೆಂಡತಿ ರೆನ್ಸ್ಕೆ.

ಡೌವೆ ಹಳೇ ಫೋನನ್ನು ಬುಟ್ಟಿಗೆ ಹಾಕಿ, ಅಸಲಿಯನ್ನು ಕಾಲುಚೀಲದೊಳಗೆ ತುರುಕಿದ. ಆಮೇಲೆ ದುಂಡಗೆ ಜೋಡಿಸಿದ ಕುರ್ಚಿಗಳ ಸುತ್ತ ಹೋಗಿ, ಪದ್ಧತಿಯಂತೆ ಒಬ್ಬೊಬ್ಬರ ಕೈ ಕುಲುಕಿ, "ಅತ್ತೆಯ ಹುಟ್ಟುಹಬ್ಬ, ನಿಮಗೂ ಅಭಿನಂದನೆ" ಎಂದು ಹೇಳಿ ಮುಗಿಸಿದ. ಒಂದು ಕಪ್ ಕಾಫಿ, ಒಂದು ತುಂಡು ಕೇಕು. ಒಮ್ಮೆ ಆ ದುಂಡಿನಲ್ಲಿ ಕೂತರೆ ಮುಗೀತು, ನಡುವೆ ಏಳುವುದು ಮರ್ಯಾದೆಯಲ್ಲ.

ಕೇಕು ಬಾಯಿಗಿಡುವಷ್ಟರಲ್ಲಿ ಕಾಲುಚೀಲ ಗುರ್ರೆಂದಿತು. ಬೆಲೆ ಬೀಳುತ್ತಿದೆ! ಮತ್ತೆ ಗುರ್ರೆಂದಿತು.

"ಏನೋ ಡೌವೆ, ಕುರ್ಚೀಲಿ ಇರುವೆ ಇದೆಯಾ?" ಎಂದ ಪಕ್ಕದ ಮನೆಯ ಯೆಲ್ಲೆ.

"ಹೊಟ್ಟೆ ಯಾಕೋ..."

"ನನ್ನ ಕೇಕಿನ ಮೇಲೆ ದೂರು ಹಾಕ್ತೀಯೇನಪ್ಪಾ?" ಅತ್ತೆ ಕಣ್ಣು ಕಿರಿದು ಮಾಡಿದಳು.

ಡೌವೆ ಪಾಯಿಖಾನೆಗೆ ಓಡಿ ಚಿಲಕ ಹಾಕಿಕೊಂಡ. ಎದುರಿನ ಗೋಡೆಗೆ ಬಂಧುಬಳಗದ ಹುಟ್ಟುಹಬ್ಬಗಳ ಕ್ಯಾಲೆಂಡರ್ ತೂಗುತ್ತಿತ್ತು. ಫೋನು ತೆಗೆದ. ಅಬ್ಬಾ, ಬೆಲೆ ಜಾರುಬಂಡೆಯಲ್ಲಿ ಕೂತ ಮಗುವಿನಂತೆ ಇಳಿಯುತ್ತಿತ್ತು! ಇನ್ನೊಂಚೂರು ಇಳಿ ಚಿನ್ನ, ಇನ್ನೊಂಚೂರು... ಕ್ಯಾಲೆಂಡರಿನ ಮೇಲೆಯೇ ಹಾಯಿ ಬಿಚ್ಚಿಕೊಂಡಿತು, ನೀರು ಥಳಥಳಿಸಿತು.

ಯಾರೋ ಬಾಗಿಲು ದಡದಡ ಬಡಿದರು. "ಒಳಗೇನು ಹೆರಿಗೆಯೇನೋ? ಬೇಗ ಬಾರೋ ಮಾರಾಯಾ!" ಯೆಲ್ಲೆಯ ದನಿ.

ಡೌವೆ ಬೆಚ್ಚಿಬಿದ್ದು ನೋಡಿದ. ಬೆಲೆ ನೆಲ ಕಚ್ಚಿತ್ತು. ಇದೇ ಗಳಿಗೆ! ದೋಣಿಯ ದುಡ್ಡಷ್ಟನ್ನೂ ಸುರಿದು, ಮಾರಾಟಕ್ಕಿದ್ದ ನಾಣ್ಯವನ್ನೆಲ್ಲ ಬಾಚಿಕೊಂಡ. ಆಚೆ ಹೋ ಎಂದು ಗದ್ದಲವೆದ್ದಿತು. ಅತ್ತೆ ಉಡುಗೊರೆ ಬಿಚ್ಚುತ್ತಿರಬೇಕು ಅಂದುಕೊಂಡ.

ಅವನು ಮದುಮಗನ ಠೀವಿಯಲ್ಲಿ ಹೊರಬಂದಾಗ ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ಅತ್ತೆ ತನ್ನ ಫೋನನ್ನು ಏಪ್ರನ್ನಿನ ಜೇಬಿಗೆ ಹಾಕಿಕೊಳ್ಳುತ್ತಿದ್ದಳು.

"ಬಾರಪ್ಪಾ ಅಳಿಯಾ, ನಿನ್ನ ಉಪಕಾರ ಮರೆಯೋಹಾಗಿಲ್ಲ! ಹೋದ ವರ್ಷ ನೀನು ಅಷ್ಟು ಕೊರೆದ ಮೇಲೆ, ಇವರೆಲ್ಲ ಸೇರಿ ನನ್ನ ಹೆಸರಲ್ಲಿ ಆ ಹೆರಿಂಗ್ ನಾಣ್ಯ ತಗೊಂಡಿಟ್ರು, ಈ ವರ್ಷದ ಉಡುಗೊರೆ ಅಂತ. ಬೆಳಿಗ್ಗೆಯಿಂದ ಮಾರೋಕಿಟ್ರೆ ಒಂದು ನರಪಿಳ್ಳೆಯೂ ಕೇಳಲಿಲ್ಲ. ಬೆಲೆ ಇಳಿಸ್ತಾ ಇಳಿಸ್ತಾ ಬಂದೆ. ಈಗ ನೀನು ಒಳಗಿದ್ದೆಯಲ್ಲ, ಆಗ ಯಾವನೋ ಪುಣ್ಯಾತ್ಮ ಪೂರ್ತಿ ಕೊಂಡುಬಿಟ್ಟ!"

"ಪುಣ್ಯಾತ್ಮ ಅಲ್ಲ, ಬೆಪ್ಪುತಕ್ಕಡಿ," ಯೆಲ್ಲೆ ನಕ್ಕ. "ಇನ್ನು ಅದನ್ನ ಕೊಳ್ಳೋರು ಭೂಮಿ ಮೇಲೆ ಯಾರಿದಾರೆ?"

ಡೌವೆ ತೊದಲಿದ. "ಆ... ಆ ದುಡ್ಡಲ್ಲಿ ಏನ್ಮಾಡ್ತೀರಿ ಅತ್ತೆ?"

"ಬಂದರಲ್ಲಿ ಆ ಹಸಿರು ದೋಣಿ ಇದೆಯಲ್ಲ, ಅದೇ! ಅರ್ಧ ನನ್ನ ಹತ್ರ ಇತ್ತು, ಇನ್ನರ್ಧ ಆ ಮಹಾರಾಯ ಕೊಟ್ಟ."

ದುಂಡಿನಲ್ಲಿದ್ದವರೆಲ್ಲ ಎದ್ದು ಬಂದು ಒಬ್ಬೊಬ್ಬರಾಗಿ ಡೌವೆಯ ಕೈ ಕುಲುಕಿದರು. "ಅತ್ತೆಗೆ ದೋಣಿ ಬಂತು, ನಿನಗೂ ಅಭಿನಂದನೆ." ಅವನು ಎಲ್ಲರಿಗೂ ತಲೆ ಅಲ್ಲಾಡಿಸಿದ. ಕಂದು ಹಾಯಿ ಕಣ್ಣ ಮುಂದೆಯೇ ದೂರ ಸಾಗುತ್ತಿತ್ತು, ಚುಕ್ಕಾಣಿಯಲ್ಲಿ ಫ್ರೌಕೆ ಮುದುಕಿ ಕೂತಿದ್ದಳು.

ರೆನ್ಸ್ಕೆ ಪಕ್ಕಕ್ಕೆ ಬಂದು ಅವನನ್ನು ಮೆಲ್ಲಗೆ ಚಿವುಟಿದಳು. "ನಾಚಿಕೆ ಆಗಲ್ವೇನ್ರೀ? ಅಮ್ಮನ ದೋಣಿಗೆ ಎಲ್ಲರೂ ಕೊಟ್ಟಿದಾರೆ. ನೀವೊಬ್ರೇ ಬರಿಗೈಲಿ ಬಂದಿರೋದು."